ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ಗಡಿಗೆಯ ಬೆನ್ನೇರಿ

ಗದುಗಿನ ನಮ್ಮ ಮನೆಯ ಗೋಡೆಯಲ್ಲಿ ಜಗತ್ತಿನ ನಕಾಶೆಯೊಂದು ತೂಗುತ್ತದೆ. ಅದರ ಮೇಲೊಂದು ಹಲ್ಲಿಯ ಸಂಚಾರವಿದೆ. ಮೊನ್ನೆ ಮುಂಜಾನೆ ಅದು ದಿಲ್ಲಿಯಲ್ಲಿ ನೊಣವೊಂದನ್ನು ನುಂಗಿ, ಅರಬಸ್ಥಾನ, ಅಟ್ಲಾಂಟಿಕ್ ಎಲ್ಲವನ್ನೂ ನೆಟ್ಟಗೆ ದಾಟಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೋಗಿ ಕುಳಿತಿತು. ಭೂಗೋಳದಲ್ಲಿ ಎಂ.ಎ. ಮಾಡಿದವನಿಗೆ ಹಲ್ಲಿಯನ್ನೂ ಸುಮ್ಮನೆ ನೋಡಲಾಗುವುದಿಲ್ಲ. ಅಳತೆಪಟ್ಟಿ ಹಿಡಿದೆ: ಇಪ್ಪತ್ತೆರಡು ಸಾವಿರ ಕಿಲೋಮೀಟರು. ಎರಡೂ ವಿಮಾನ ನಿಲ್ದಾಣಗಳ ನಡುವೆ ಹಾರುವ ದೂರವೆಷ್ಟೆಂದು ಫೋನನ್ನೂ ಕೇಳಿದೆ. ಹನ್ನೆರಡು ಸಾವಿರ ಚಿಲ್ಲರೆ ಎಂದಿತು. ಫೋನನ್ನು ಸಂಶಯಿಸಿದೆ, ನಕಾಶೆಯನ್ನು ಸಂಶಯಿಸಿದೆ. ಕೊನೆಗೆ ಸಂಶಯ ನನ್ನ ಮೇಲೆಯೇ ತಿರುಗಿತು. ಏಕೆಂದರೆ ಈ ಹನ್ನೆರಡು ಸಾವಿರವನ್ನು ನಾನು ಹಿಂದೊಮ್ಮೆ ಕೇಳಿದ್ದೆ; ಕೇಳಿ, ತಪ್ಪೆಂದು ಗೀಟು ಎಳೆದಿದ್ದೆ.

ಗದಗ ಜಿಲ್ಲೆಯಾದ ಹೊಸತರಲ್ಲಿ ಲಕ್ಷ್ಮೇಶ್ವರದಲ್ಲೋ ಮುಂಡರಗಿಯಲ್ಲೋ (ಲಕ್ಷ್ಮೇಶ್ವರವೆಂದು ನನ್ನ ನೆನಪು, ಆದ್ದರಿಂದ ಮುಂಡರಗಿಯೇ ಇರಬೇಕು) ಶಾಲಾ ಮಕ್ಕಳ ಪ್ರದರ್ಶನವೊಂದಕ್ಕೆ ನಾನು ತೀರ್ಪುಗಾರ. ಬೆಟಗೇರಿಯ ನೇಕಾರರ ಮಗಳು ಹಸೀನಾ ಗಡಿಗೆಯೊಂದನ್ನು ಬೋರಲು ಹಾಕಿ, ಸುಣ್ಣದಿಂದ ಖಂಡಗಳನ್ನು ಬರೆದು, ಇವೇ ಎರಡು ಊರುಗಳ ನಡುವೆ ಮಗ್ಗದ ನೂಲು ಹಿಡಿದಿದ್ದಳು. ನೂಲು ಅಟ್ಲಾಂಟಿಕ್ಕಿನ ಗೊಡವೆಗೆ ಹೋಗದೆ ಗಡಿಗೆಯ ಬೆನ್ನೇರಿ ಉತ್ತರ ಧ್ರುವದ ಮಗ್ಗುಲಲ್ಲಿ ಹಾದುಹೋಗಿತ್ತು.

"ಸಡ್ಲ ಬಿಟ್ರ ನೂಲು ಎಲ್ಲೆರ ತಿರಗತೈತ್ರಿ ಸರ್. ಬಿಗಿ ಎಳದ್ರ ತಾನ ಸನೇದ ಹಾದಿ ಹಿಡೀತೈತಿ."

ಗಡಿಗೆಯ ಸುತ್ತಳತೆಯನ್ನು ಭೂಮಿಯ ನಲವತ್ತು ಸಾವಿರ ಕಿಲೋಮೀಟರೆಂದಿಟ್ಟುಕೊಂಡು ಅವಳು ತೆಗೆದ ಲೆಕ್ಕ ಹನ್ನೆರಡು ಸಾವಿರದ ಆಸುಪಾಸು. ಭೂಮಿ ಗುಂಡಗಿದೆಯೆಂದು ಬರೆದೇ ಪದವಿ ಪಡೆದ ನಾನು, ಚಪ್ಪಟೆ ನಕಾಶೆಯ ನೆಟ್ಟ ಗೆರೆ ತೋರಿಸಿ, ಮೊದಲ ಬಹುಮಾನವನ್ನು ಥರ್ಮಾಕೋಲಿನ ಜ್ವಾಲಾಮುಖಿಗೆ ಕೊಟ್ಟೆ. ಆದರೂ ಆ ಹುಡುಗಿಗೆ ನನ್ನ ಪೆನ್ನು ಕೊಟ್ಟು ಸಮಾಧಾನ ಮಾಡಿದ್ದೆನಲ್ಲ ಎಂಬುದೊಂದೇ ಈಗ ನನ್ನ ಸಮಾಧಾನ.

ಆಕೆ ಶಿರಹಟ್ಟಿಯಲ್ಲಿ ಟೀಚರ್ ಆಗಿದ್ದಾರೆಂದು ತಿಳಿದು, ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡುತ್ತ, ಅಳತೆಪಟ್ಟಿಯನ್ನೂ ಹಿಡಿದುಕೊಂಡು ಬಸ್ಸು ಹತ್ತಿದೆ. ಅವರ ತರಗತಿಯಲ್ಲಿ ಆ ಪೆನ್ನಿನಿಂದಲೇ ಮಾತು ತೆಗೆದೆ.

"ಪೆನ್ನ? ಯಾವ ಪೆನ್ನರಿ?" ಎಂದರು ಹಸೀನಾ ಟೀಚರ್. "'ಇದೇನ ಭೂಮಿ?' ಅಂತ ಪಟ್ಟೀಲೆ ಕುಟ್ಟಿ ಗಡಿಗಿ ಒಡದ್ರಿ! ನಮ್ಮ ಅಮ್ಮೀದು ಕುಡಿಯೂ ನೀರಿನ ಗಡಿಗಿ. ಮನ್ಯಾಗ ಎಷ್ಟ ಬೈಸಿಕೊಂಡೇನಿ ಗೊತ್ತೈತ್ರಿ? ಮತ್ತ ಅದು ಲಕ್ಷ್ಮೇಶ್ವರನೂ ಅಲ್ಲ, ಮುಂಡರಗಿನೂ ಅಲ್ಲ. ಗದಗದಾಗ, ನಿಮ್ಮ ಓಣ್ಯಾಗ!"

ನೋಡಿದಿರಾ, ನೆನಪೆಂಬುದು ಎಂಥ ಉದಾರಿ! ಕೊಡದ ಪೆನ್ನನ್ನು ಕೊಡಿಸುತ್ತದೆ, ಒಡೆದ ಗಡಿಗೆಯನ್ನು ಮುಚ್ಚಿಡುತ್ತದೆ. ತಡವರಿಸುತ್ತ ಕ್ಷಮೆ ಕೇಳಿದೆ.

"ನನಗ್ಯಾಕ ಹೇಳ್ತೀರಿ? ಈ ಹುಡುಗೂರ ಮುಂದ ಹೇಳ್ರಿ. ಪುಸ್ತಕದಾಗಿನ ನಕಾಶಿ ತೋರಿಸಿ ನನ್ನ ಲೆಕ್ಕಕ್ಕ ನಗತಾವು," ಎಂದು ಆಕೆ ಮೇಜಿನ ಮೇಲೆ ಹೊಸ ಗಡಿಗೆಯೊಂದನ್ನು ಬೋರಲು ಹಾಕಿದರು. "ಆದ್ರ ಕೈಯಾಗಿನ ಪಟ್ಟಿ ಮೊದಲ ಹೊರಗಿಡ್ರಿ."

ನಾನು ಪಟ್ಟಿಯನ್ನು ಹೊರಗಿಟ್ಟು ಬಂದು, ನಿಮ್ಮ ಟೀಚರು ಅಂದೇ ಸರಿ ಹೇಳಿದ್ದರು, ತೀರ್ಪುಗಾರನೇ ತಪ್ಪಿದ್ದ ಎಂದೆ. ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಯಾರ್ರಿ ಅಂವಾ?"

ಜೀವಮಾನವೆಲ್ಲ ನೆನಪನ್ನು ನಂಬಲಾಗದೆಂದು ವಾದಿಸಿದವನಿಗೆ ಆಗ ಮಾತ್ರ ಮರೆವಿನ ಸೌಕರ್ಯ ಒದಗಲಿಲ್ಲ.

"ನಾನ," ಎಂದೆ.

ತರಗತಿ ಹೋ ಎಂದಿತು. ಹಸೀನಾ ಟೀಚರ್ ನಗಲಿಲ್ಲ. ನೂಲಿನ ಒಂದು ತುದಿಯನ್ನು ನನ್ನ ಕೈಗಿತ್ತರು. ನಾನು ದಿಲ್ಲಿಯನ್ನು ಒತ್ತಿ ಹಿಡಿದು ನಿಂತೆ. ಆಕೆ ಬಿಗಿ ಎಳೆದರು. ನಗು ನಿಂತಿತು, ಹುಡುಗರು ಗಡಿಗೆಯ ಸುತ್ತ ಮುಗಿಬಿದ್ದರು.

ಮನೆಗೆ ಬಂದಾಗ ಹಲ್ಲಿ ಮತ್ತೆ ದಿಲ್ಲಿಯಲ್ಲೇ ಇತ್ತು. ಹುಶ್ ಎಂದೆ. ಅದು ರಷ್ಯವನ್ನೇರಿ, ನಕಾಶೆಯ ಮೇಲಂಚು ದಾಟಿ ಹಿಂದೆ ಮಾಯವಾಗಿ, ಸ್ವಲ್ಪ ಹೊತ್ತಿಗೆ ಅಲಾಸ್ಕದ ತಲೆಯ ಮೇಲಿಂದ ಇಣುಕಿತು. ಮೊದಲ ಬಹುಮಾನ ಕೊಡಬಹುದಿತ್ತು. ಆದರೆ ತೀರ್ಪುಗಾರ ನಾನಲ್ಲವೇ? ಖಾತ್ರಿಗೆಂದು ಇನ್ನೊಮ್ಮೆ ಹುಶ್ ಎಂದೆ.