ಪೂರ್ವದ ಗೋಡೆ

ಶೋಳಿಂಗನಲ್ಲೂರಿನ ನಮ್ಮ ಮನೆಗೆ ನಕ್ಷೆ ಹಾಕಿದ ಆರ್ಕಿಟೆಕ್ಟ್ ಆಗಷ್ಟೇ ಹಾಸನದಿಂದ ಚೆನ್ನೈಗೆ ಬಂದಿದ್ದರು. "ಮಳೆ ಚಿಂತೆ ನನಗೆ ಬಿಡಿ ಸಾರ್" ಎಂಬುದು ಅವರ ಮಾತು. ಮಳೆ ಪಶ್ಚಿಮದಿಂದ ಬೀಸುವ ತಮ್ಮೂರಿನ ಅಭ್ಯಾಸದಂತೆ ಪಶ್ಚಿಮದ ಕಿಟಕಿಗಳಿಗೆ ಅಗಲವಾದ ಸಜ್ಜಾ ಹಾಕಿಸಿ, ಬೆಳಗಿನ ಬಿಸಿಲಿಗೆಂದು ಪೂರ್ವದ ದೊಡ್ಡ ಕಿಟಕಿಗಳನ್ನು ಹಾಗೇ ಬಿಟ್ಟರು.

ಕಾರ್ತೀಕದಲ್ಲಿ ಮಳೆ ಸಮುದ್ರದ ಕಡೆಯಿಂದ, ಅಂದರೆ ಪೂರ್ವದಿಂದಲೇ, ಬೀಸಿ ಬಂತು. ಹಾಸಿಗೆಗಳೆಲ್ಲ ತೊಯ್ದವು. ಬೆಳಿಗ್ಗೆ ನನ್ನ ಆರು ಗಂಟೆಯ ಕಾಫಿಗೂ ಮುಂಚೆ ಅವರು ಬಂದು, ಒದ್ದೆ ಗೋಡೆಗೆ ಅಂಗೈ ಒತ್ತಿ ನಿಂತರು.

"ಸರಿ ಮಾಡಿಸ್ತೀನಿ ಸಾರ್. ಆದ್ರೆ ಪಕ್ಕದ ಬೀದಿಯವರಿಗೂ ಇದೇ ಪ್ಲ್ಯಾನ್ ಕೊಟ್ಟಿದೀನಿ, ಕಟ್ತಾ ಇದಾರೆ. ಹೇಳಿದ್ರೆ ನನ್ನನ್ನ ತೆಗೆದುಹಾಕ್ತಾರೆ."

"ಹೇಳದಿದ್ರೆ?" ಎಂದೆ.

ಅವರು ಕೊಡೆಯನ್ನೂ ಮರೆತು ಆ ಬೀದಿಯತ್ತ ಹೊರಟರು. ಆ ಕೆಲಸ ಅವರ ಕೈತಪ್ಪಿತು. ನಮ್ಮ ಕಿಟಕಿಗಳಿಗೆ ಸಜ್ಜಾ ಬಂತು.

ಆಮೇಲೆ ಅವರ ಬಾಯಲ್ಲಿ "ಚಿಂತೆ ನನಗೆ ಬಿಡಿ" ಎಂಬ ಆ ಹಳೆಯ ಮಾತು ಕೇಳಲಿಲ್ಲ. ಬಿರುಬೇಸಿಗೆಯಲ್ಲಿ ಊಟಕ್ಕೆ ಕರೆದರೂ ಮೊದಲು ಪೂರ್ವದ ಗೋಡೆ ಮುಟ್ಟುತ್ತಿದ್ದರು.

"ಎಲೆ ಹಾಕಿ ಆಯ್ತು, ಬನ್ನಿ. ಗೋಡೆ ಎಲ್ಲೂ ಓಡಿಹೋಗಲ್ಲ" ಎಂದು ನನ್ನ ಹೆಂಡತಿ ನಗುತ್ತಿದ್ದಳು.

"ಒಣಗಿದೆ ಅಮ್ಮ" ಎನ್ನುತ್ತಿದ್ದರು. ಕೈ ಮಾತ್ರ ಅಲ್ಲೇ ಇರುತ್ತಿತ್ತು.