ವೈರು ಪಳಗಿಸಿದ ದಸ್ತಗೀರಸಾಬರು

ಸ್ಪೀಕರಿನ ಹೊಸ ವೈರನ್ನು ಚೀಲದಿಂದ ಹೊರತೆಗೆದಾಗ ಒಂದು ವಾಸನೆ ಬರುತ್ತದಲ್ಲ, ಹೊಸ ಪ್ಲಾಸ್ಟಿಕ್ ಚಪ್ಪಲಿಯ ಹಾಗೆ, ಮೊನ್ನೆ ಅದು ನಮ್ಮ ಪಡಸಾಲೆಯ ತುಂಬ ಹರಡಿತ್ತು. ಜೊತೆಗಿದ್ದ ಚೀಟಿಯಲ್ಲಿ, ಈ ವೈರಿನ ನಿಜವಾದ ದನಿ ತಿಳಿಯಬೇಕಾದರೆ ಮೊದಲು ಕೆಲವು ದಿನ ಹಾಡು ಹಚ್ಚಿಡಿ ಎಂದು ಬರೆದಿತ್ತು. ಜೀವಮಾನವೆಲ್ಲ ಭೌತಶಾಸ್ತ್ರ ಕಲಿಸಿದವನು ನಾನು, ನಗಬೇಕಾಗಿತ್ತು. ನಗು ಬರಲಿಲ್ಲ. ದಸ್ತಗೀರಸಾಬರು ನೆನಪಾದರು.

ತೊಂಬತ್ತರ ದಶಕದಲ್ಲಿ ನಾನು ಸವದತ್ತಿಯಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೆ. ಬಜಾರದಲ್ಲಿ ಅವರದು ಮೈಕ್ ಸೆಟ್ಟಿನ ಅಂಗಡಿ. ಹೂಲಿಯ ಮದುವೆಗೂ ಮನೋಳಿಯ ಭಜನೆಗೂ ಅವರದೇ ಸ್ಪೀಕರು. ಹೊಸ ವೈರು ತಂದರೆ ಎಂಟು ದಿನ ಅಂಗಡಿಯಲ್ಲೇ ಅದರೊಳಗೆ ಹಾಡು ಹರಿಸಿ, ಆಮೇಲೆಯೇ ಹೊರಗೆ ಒಯ್ಯುತ್ತಿದ್ದರು. ಹೊಸ ಹೋರಿ ನೊಗಕ್ಕೆ ಪಳಗಬೇಕಲ್ಲ, ಹಾಗೆ ವೈರೂ ದನಿಗೆ ಪಳಗಬೇಕು ಎನ್ನುವುದು ಅವರ ವಾದ. ತಾಮ್ರಕ್ಕೆ ಏನೂ ಕಲಿಯಲು ಬರುವುದಿಲ್ಲ ಎನ್ನುವುದು ನನ್ನದು. ಸಾಲಿ ಬಿಟ್ಟ ಮೇಲೆ ದಿನಾ ಅಲ್ಲಿ ಕುಳಿತು ಇದೇ ಜಗಳ. ಸಾಲಿಯ ಹುಡುಗರಿಗೂ ನಾನು ಅಷ್ಟು ಆಸ್ಥೆಯಿಂದ ಪಾಠ ಹೇಳಿದ್ದಿಲ್ಲ.

ಕಡೆಗೆ ಒಂದು ರವಿವಾರ ಮಧ್ಯಾಹ್ನ ಅವರ ಮನೆಯಲ್ಲಿ ಪರೀಕ್ಷೆ ಇಟ್ಟೆ. ಪಳಗಿದ ವೈರು ಒಂದು, ಹೊಸದು ಒಂದು. ಅವರು ನನಗೆ ಬೆನ್ನು ಮಾಡಿ ಕೂಡಬೇಕು, ನಾನು ವೈರು ಬದಲಿಸಬೇಕು, ಯಾವುದೆಂದು ಅವರು ಹೇಳಬೇಕು. ಸಣ್ಣ ದನಿಯಲ್ಲಾದರೆ ಫರಕು ಚೆನ್ನಾಗಿ ತಿಳಿಯುತ್ತದೆಂದು ವಾಲ್ಯೂಮು ಇಳಿಸಿದೆ. ಮೂರು ಸಲದಲ್ಲಿ ಎರಡು ತಪ್ಪು ಹೇಳಿದರು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ನಾಲ್ಕನೆಯ ಸಲ ವೈರು ಸ್ಕ್ರೂದಿಂದ ಜಾರಿ ನನ್ನ ಕೈಗೇ ಬಂತು. ಕ್ಯಾಸೆಟ್ಟಿನ ಹಾರ್ಮೋನಿಯಂ ನಿಂತಿತು, ಕೋಣೆಯಲ್ಲಿ ಸದ್ದೇ ಇಲ್ಲ. ತಡೀರಿ ಅನ್ನುವಷ್ಟರಲ್ಲಿ ಅವರು ಕಣ್ಣು ಮುಚ್ಚಿ, ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತ ಹೇಳಿದರು:

"ಇದ ನೋಡ್ರಿ ಸರ್ರ, ಪಳಗಿದ್ದು. ದನಿ ಎಷ್ಟ ತಿಳಿ ಐತಿ."

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಖೈರವ್ವ ನನ್ನನ್ನು ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದರು, ಬೇಡ ಎಂಬಂತೆ.

"ನೀವ ಗೆದ್ರಿ," ಎಂದು ಗಟ್ಟಿಯಾಗಿ ಹೇಳಿದೆ.

ಹೊರಡುವಾಗ ಖೈರವ್ವ ಅಂಗಳದವರೆಗೆ ಬಂದರು. ಒಂದು ವರ್ಷದಿಂದ ಕಿವಿ ಹೀಗೇ ಆಗಿದೆ, ಯಾರಿಗೂ ಹೇಳಗೊಡುವುದಿಲ್ಲ, ಸ್ಪೀಕರಿನ ಮೇಲೆ ಕೈ ಇಟ್ಟು ಅದರ ನಡುಕದಿಂದ ದನಿ ಅಳೆಯುತ್ತಾರೆ ಎಂದರು. ಧಾರವಾಡದ ಡಾಕ್ಟರ ಹತ್ತಿರ ನಾನೇ ಕರೆದೊಯ್ಯಬಹುದಿತ್ತು, ಒಯ್ಯಲಿಲ್ಲ. ಮರುದಿನದಿಂದ ಅವರು ಏನೇ ಅಂದರೂ ಹೌದು ಹೌದು ಅನ್ನತೊಡಗಿದೆ. ಅದನ್ನೇ ದೊಡ್ಡ ಕರುಣೆ ಎಂದುಕೊಂಡಿದ್ದೆ.

ಎರಡು ವರ್ಷದ ಮೇಲೆ ಮನೋಳಿಯ ಒಂದು ಮದುವೆಯಲ್ಲಿ, ಅಕ್ಷತೆಯ ಹೊತ್ತಿಗೆ ಸರಿಯಾಗಿ ಮೈಕು ಕಿರುಚತೊಡಗಿತು. ದಸ್ತಗೀರಸಾಬರು ಆಂಪ್ಲಿಫಾಯರಿನ ಪಕ್ಕದಲ್ಲೇ ಕುಳಿತಿದ್ದರು, ಶಾಂತವಾಗಿ. ಜನ ಮೊದಲು ನಕ್ಕರು, ಆಮೇಲೆ ಬೈದರು. ಯಾರೋ ಬಂದು ಪ್ಲಗ್ಗು ಕಿತ್ತರು. ಎಲ್ಲರ ಮುಖ ಒಂದೊಂದಾಗಿ ನೋಡಿದ ಮೇಲೆಯೇ ಅವರಿಗೆ ತಿಳಿದದ್ದು. ನಾನು ಅವರ ಹತ್ತಿರ ಓಡಿದೆ. ವೈರು ಮುಟ್ಟಗೊಡಲಿಲ್ಲ. ಅಷ್ಟೂ ವೈರನ್ನು ತಾವೇ ಸುತ್ತಿಕೊಂಡರು.

ವಾರದ ನಂತರ ಮನೆಗೆ ಹೋದಾಗ ಅವರು ಕೇಳಿದ್ದು ಒಂದೇ: "ಆವತ್ತ ಪರೀಕ್ಷಾದಾಗ ವೈರ್ ಬಿಚ್ಚಿತ್ತೇನ್ರಿ?"

ಹೌದೆಂದು ತಲೆಯಾಡಿಸಿದೆ.

"ಕಿವಿ ಹೋಗಾಕ ಹತ್ತಿದ್ದು ನನಗ ಗೊತ್ತಿತ್ರಿ. ಆದರ ಆವತ್ತಿನಿಂದ ನೀವ ನನ್ನ ಜೋಡಿ ವಾದಾ ಮಾಡೂದ ಬಿಟ್ರಿ. ನನ್ನಿಂದ ಏನ ತಪ್ಪಾತು ಅಂತ ಎರಡ ವರ್ಷ ವಿಚಾರ ಮಾಡೀನಿ, ಸರ್ರ."

ಕಾರಣ ಹೇಳಿದರೂ ಕೇಳಿಸುತ್ತಿರಲಿಲ್ಲ ಎಂಬ ನೆವವೊಂದಿತ್ತು. ಅಂಗಡಿ ಮತ್ತೆ ತೆರೆಯಲಿಲ್ಲ. ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ಕೆಲವು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಮಣ್ಣು ಮಾಡಿದ ಮರುದಿನ ಬಂತು.

ತಾಮ್ರ ಪಳಗುವುದಿಲ್ಲ, ಇವತ್ತೂ ಅದನ್ನೇ ಹೇಳುತ್ತೇನೆ. ಅದನ್ನು ಅಲ್ಲಗಳೆಯುವವರು ಈಗಿಲ್ಲ, ಅಷ್ಟೇ.

ಒಂದು ತಿಂಗಳಿಂದ ನನ್ನ ಹೆಂಡತಿ ಪ್ರತಿ ಮಾತಿಗೂ "ಏನಂದ್ರಿ?" ಎನ್ನುತ್ತಿದ್ದಾಳೆ. ನಾನು ಗಮನಿಸದವನಂತೆ ಅದನ್ನೇ ಎರಡೆರಡು ಸಲ ಹೇಳಿ ಸುಮ್ಮನಾಗುತ್ತಿದ್ದೆ. ಇವತ್ತು ಮುಂಜಾನೆ ಎದುರಿಗೆ ಕುಳಿತು, ನಿನಗೆ ಕಿವಿ ಮಂದ ಆಗಿದೆ, ಧಾರವಾಡಕ್ಕೆ ಹೋಗಿ ತೋರಿಸೋಣ ಎಂದೆ. ಅವಳಿಗೆ ಸಿಟ್ಟು ಬಂತು. "ನನಗ ಚಲೋ ಕೇಳತೈತಿ. ನೀವ ಬಾಯಾಗ ಗೊಣಗತೀರಿ," ಎಂದಳು.

ನಾನು ಬಿಡಲಿಲ್ಲ. ಚಹಾ ಆರಿಹೋಗುವವರೆಗೂ ಇಬ್ಬರೂ ಜಗಳಾಡಿದೆವು.