ಕಮಾನಿನ ಬೊಂಬೆ, ಅತ್ತೆಯ ಹುಣಸೆಹಣ್ಣು

ಬೆಳಿಗ್ಗೆ ನಾಲ್ಕು ಕೊಡ ನೀರು ಮೇಲಕ್ಕೆ ಹೊತ್ತೆ. ಹುರುಳಿ ನೆನೆಹಾಕಿದೆ. ರಾಗಿ ಹಿಟ್ಟು ಜರಡಿ ಹಿಡಿದೆ. ಅತ್ತೆಗೆಂದು ತಂದ ಹಾಸಿಗೆಯನ್ನು ಈ ಸಲವೂ ಬಿಸಿಲಿಗೆ ಹಾಕಿದೆ.

ನಾವು ಈ ಮನೆಗೆ ಬಂದು ಎರಡು ವರ್ಷವಾದರೂ ಆ ಹಾಸಿಗೆಯ ಮೇಲೆ ಯಾರೂ ಮಲಗಿಲ್ಲ. ಓಮಲೂರು ರಸ್ತೆಯ ಪಕ್ಕ ಲಾಳದಾಕಾರದಲ್ಲಿ ಎಂಟು ಕಟ್ಟಡ ಏಳಬೇಕಿತ್ತು. ಮುಗಿದದ್ದು ನಮ್ಮದೊಂದೇ. ಉಳಿದವು ಬರೀ ಕಂಬ, ಬರೀ ನೆಲ, ಗೋಡೆಯಿಲ್ಲ. ಎಂಟಕ್ಕೂ ಸೇರಿದ ಹೆಬ್ಬಾಗಿಲಿಗೆ ಮಾತ್ರ ಮೂರಾಳೆತ್ತರದ ಕಮಾನು ಮೊದಲೇ ನಿಂತಿದೆ, ಅರಮನೆಗೆ ಬಂದಹಾಗೆ. ಅದರ ನೆತ್ತಿಯಲ್ಲಿ ಮೇಸ್ತ್ರಿ ಕಟ್ಟಿದ ದೃಷ್ಟಿಬೊಂಬೆ. ಕೆಲಸ ಮುಗಿದ ದಿನ ಕಟ್ಟಿದವನೇ ಅದನ್ನು ಇಳಿಸಬೇಕು. ಮೇಸ್ತ್ರಿ ಬೇರೆ ಊರಿನ ಕೆಲಸಕ್ಕೆ ಹೋದ, ಬೊಂಬೆ ಉಳಿಯಿತು.

ಪೆನ್ನಾಗರಂನಿಂದ ಬರುವ ಅತ್ತೆ ಪ್ರತಿ ಸಲ ಅದನ್ನು ನೋಡಿಯೇ ಒಳಗೆ ಕಾಲಿಡುತ್ತಾರೆ. ಉಣ್ಣುತ್ತಾರೆ, ನಗುತ್ತಾರೆ, ನಾಲ್ಕೂವರೆ ಬಸ್ಸಿಗೆ ಎದ್ದುಬಿಡುತ್ತಾರೆ. “ಬೊಂಬೆ ಇಳೀದೇ ಇರೋ ಮನೇಲಿ ರಾತ್ರಿ ಮಲಗಬಾರ್ದು ಕಣಮ್ಮ” ಎನ್ನುತ್ತಾರೆ.

ಇವತ್ತು ಬರುವಾಗ ವರ್ಷಕ್ಕಾಗುವಷ್ಟು ಹುಣಸೆಹಣ್ಣು ತಂದರು. ಬಸ್ಸಿನಲ್ಲಿ ಯಾರದೋ ನೀರಿನ ಕ್ಯಾನ್ ಉರುಳಿ ಅರ್ಧ ಚೀಲ ಒದ್ದೆ. ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ನಮ್ಮ ಬಾಲ್ಕನಿಯೋ ಗೇಣಗಲ. ಚೀಲ ಹೊತ್ತು ಪಕ್ಕದ ಅರೆಕಟ್ಟಡದ ಮೊದಲ ಮಹಡಿಗೆ ಅವರನ್ನು ಕರೆದೊಯ್ದೆ. ನಮ್ಮ ಕಟ್ಟಡದವರೆಲ್ಲ ಮೆಣಸಿನಕಾಯಿ, ವಡಗದ ಸಂಡಿಗೆ ಒಣಗಿಸುವುದು ಅಲ್ಲೇ. ಎರಡು ಕಂಬಗಳ ನಡುವಿನ ಜಾಗ ಒಂದೊಂದು ಮನೆಗೆ ಎಂದು ನಾವೇ ಹಂಚಿಕೊಂಡಿದ್ದೇವೆ. ಗೋಡೆಯಿಲ್ಲದ್ದರಿಂದ ಮಧ್ಯಾಹ್ನದ ಬಿಸಿಲು ನೇರ ಒಳಗೆ ಬರುತ್ತದೆ. ಗಾಳಿಯೂ ಅಷ್ಟೆ.

ಅತ್ತೆ ನೆಲ ತಟ್ಟಿ ನೋಡಿದರು, ಕಂಬವನ್ನು ತಬ್ಬಲು ಹೋಗಿ ಕೈ ಸಾಲದೆ ನಕ್ಕರು. “ನಲ್ಲ ಕಾತ್ತು, ಒಳ್ಳೆ ಗಾಳಿ. ಕಣ ಇದ್ದಂಗೈತೆ,” ಎಂದು ಹಳೇ ಸೀರೆ ಹಾಸಿ ಕೂತರು. ಒಂದೊಂದೇ ಎಸಳು ಬಿಡಿಸಿ ಹರಡುತ್ತಾ, ಪಕ್ಕದ ಕಂಬದ ಮನೆಯಾಕೆಯ ವಡಗಕ್ಕೆ ಉಪ್ಪು ಹೆಚ್ಚಾಯಿತೆಂದು ಅವಳಿಗೇ ಹೇಳಿದರು. ನಾಲ್ಕೂವರೆ ದಾಟಿತು. ನಾನು ನೆನಪಿಸಲಿಲ್ಲ.

ಕೆಲಸದಿಂದ ಬಂದ ನನ್ನವರು ಮೆಟ್ಟಿಲಲ್ಲೇ ನಿಂತು ಛೇಡಿಸಿದರು. “ಬಸ್ ಓಯ್ತಲ್ಲವ್ವಾ. ಬೊಂಬೆ ಸುಮ್ನಿರ್ತದಾ?”

ಅತ್ತೆ ತಲೆ ಎತ್ತಲಿಲ್ಲ. “ಬೊಂಬೆ ಕಟ್ಟಡ ಕಾಯ್ಲಿ. ಹಣ್ಣು ಯಾರ್ ಕಾಯ್ತಾರೆ, ನೀನಾ? ಇನ್ನೊಂದು ಬಿಸಿಲು ಬೇಕು ಇದ್ಕೆ.”

ಕತ್ತಲಾಗುವ ಮುಂಚೆ ಮೂವರೂ ಸೇರಿ ಹಣ್ಣನ್ನು ಒಳಗೆ ತಂದೆವು. ಮುದ್ದೆ, ಅದೇ ಹುಣಸೆ ಹಿಂಡಿದ ಹುರುಳಿ ಸಾರು, ಒಂದು ಈರುಳ್ಳಿ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ, ದೀಪ ಇನ್ನೂ ಉರಿಯುತ್ತಿರುವಾಗಲೇ, ಬಿಸಿಲಿನ ವಾಸನೆಯ ಹಾಸಿಗೆಯ ಮೇಲೆ ಎಲ್ಲರಿಗಿಂತ ಮೊದಲು ಅತ್ತೆಗೆ ನಿದ್ದೆ ಹತ್ತಿತ್ತು.